ಪಾರ್ಸೆಲ್‌ನಲ್ಲಿ ಬಂದ ಮನೆ ಕೊಳ್ಳಬಹುದಾ?

ಅಮೆರಿಕದ ಷಿಕಾಗೋ ಹತ್ತಿರದ ಎಲ್ಜಿನ್‌ ಊರಿನಲ್ಲಿ ನೋಡಿದ ಮನೆ ಬಗ್ಗೆ ಕೇಳಿದ್ದೀರಿ. ಅದು ‘ಸಿಯರ್ಸ್ ಮನೆ’, ನೂರು ವರ್ಷದ ಹಿಂದೆ ರೈಲಿನಲ್ಲಿ ಬಂದದ್ದು ಅಂತ ಏಜೆಂಟ್ ಹೇಳಿದರಂತೆ. ಪಾರ್ಸೆಲ್‌ನಲ್ಲಿ ಬಂದ ಮರದ ಮನೆ ಗಟ್ಟಿ ಇರುತ್ತಾ ಅನ್ನೋದು ನಿಮ್ಮ ಅನುಮಾನ. ಇಟ್ಟಿಗೆ, ಕಾಂಕ್ರೀಟು ನೋಡಿ ಬೆಳೆದವರು ನಾವು. ನನಗೂ ಮೊದಮೊದಲು ಹಾಗೇ ಅನಿಸಿತ್ತು.

ಷಿಕಾಗೋದ ಸಿಯರ್ಸ್ ರೋಬಕ್ ಕಂಪನಿ 1908ರಿಂದ 1940ರವರೆಗೆ ಕ್ಯಾಟಲಾಗ್ ಅಚ್ಚು ಹಾಕಿಸಿ ಮನೆ ಮಾರಿತು. ಸುಮಾರು 70 ಸಾವಿರ ಮನೆ ಅಂತ ಅಂದಾಜು. ಚಿತ್ರ ನೋಡಿ ಆರಿಸಿದರೆ ಆಯಿತು. ಮರ, ಬಾಗಿಲು, ಕಿಟಕಿ, ಮೊಳೆ, ಬಣ್ಣ ಎಲ್ಲ ರೈಲು ಡಬ್ಬಿಯಲ್ಲಿ ಊರಿನ ಸ್ಟೇಷನ್ನಿಗೆ ಬಂದಿಳಿಯುತ್ತಿತ್ತು. ಮೊದಲು ಮರವನ್ನು ಮನೆ ಕಟ್ಟುವ ಜಾಗದಲ್ಲೇ ಕೊಯ್ದುಕೊಳ್ಳಬೇಕಿತ್ತು. ಆಮೇಲೆ ಅಳತೆಗೆ ಕೊಯ್ದು, ನಂಬರ್ ಒತ್ತಿಯೇ ಕಳಿಸತೊಡಗಿದರು. ಮಿಶಿಗನ್‌ನ ಅಲ್ಲಾದಿನ್ ಕಂಪನಿ 1906ರಿಂದಲೇ ಈ ವ್ಯಾಪಾರದಲ್ಲಿತ್ತು. ತನ್ನ ಮರದಲ್ಲಿ ಗಂಟು ಸಿಕ್ಕರೆ ಗಂಟಿಗೊಂದು ಡಾಲರ್ ಕೊಡುತ್ತೇನೆ ಅಂತ ಜಾಹೀರಾತು ಹಾಕುತ್ತಿತ್ತು! ಹಾಗಾಗಿ ಮರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನೋಡಬೇಕಾದದ್ದು ಪಾಯ. ಇಟ್ಟಿಗೆ, ಸಿಮೆಂಟು ಪಾರ್ಸೆಲ್‌ನಲ್ಲಿ ಬರುತ್ತಿರಲಿಲ್ಲ. ಅದನ್ನು ಆ ಊರಲ್ಲೇ ಕೊಂಡು, ಅಲ್ಲಿನ ಗಾರೆಯವರೇ ಕಟ್ಟುತ್ತಿದ್ದರು. ಒಂದೇ ಕ್ಯಾಟಲಾಗಿನ ಎರಡು ಮನೆ ಇವತ್ತು ಎರಡು ಥರ ಇರೋದು ಅದಕ್ಕೇ. ನಮ್ಮದೂ ಆ ಕಾಲದ ಮರದ ಮನೆಯೇ. ತೊಲೆಗಳು ಇನ್ನೂ ಕಲ್ಲಿನಂತಿವೆ, ಆದರೆ ಮೊದಲ ವರ್ಷ ಹಿಮ ಕರಗಿದಾಗ ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ಕೊಳ್ಳುವ ಮುಂಚೆ ಪರೀಕ್ಷೆಗೆ ಬಂದವರು ಅದನ್ನು ಬರೆದೇ ಇರಲಿಲ್ಲ.

ವಿನ್ಯಾಸ ಬೆಂಗಳೂರಿನ ಫ್ಲಾಟ್ ಥರ ಅಲ್ಲ. ಮುಂದೆ ಅಗಲವಾದ ಪೋರ್ಚ್, ನಮ್ಮ ಜಗಲಿ ಅಂದುಕೊಳ್ಳಿ. ಮಲಗುವ ಕೋಣೆಗಳು ಸಣ್ಣವು. ಬಟ್ಟೆ ಇಡುವ ಕ್ಲಾಸೆಟ್‌ನಲ್ಲಿ ನಾಲ್ಕು ಸೀರೆ ಹಿಡಿಸಿದರೆ ಪುಣ್ಯ. ಬಚ್ಚಲು ಎಷ್ಟೋ ಕಡೆ ಒಂದೇ. ಅಡುಗೆಮನೆ ಹಿಂದುಗಡೆ, ಬಾಗಿಲು ಹಾಕಿಕೊಳ್ಳುವಂತೆ ಇರುತ್ತೆ. ಇಲ್ಲಿಯವರು ಗೋಡೆ ಒಡೆಸಿ ದೊಡ್ಡದು ಮಾಡಿಸುತ್ತಾರೆ. ನೀವು ಒಡೆಸಬೇಡಿ. ಒಗ್ಗರಣೆ ಘಾಟು ಹಾಸಿಗೆವರೆಗೂ ಬರಲ್ಲ, ಅದಕ್ಕಿಂತ ಏನು ಬೇಕು?

ಇನ್ನು ‘ಸಿಯರ್ಸ್’ ಅನ್ನೋ ಹೆಸರಿಗೇ ಜಾಸ್ತಿ ದುಡ್ಡು ಕೇಳಿದರೆ ಒಪ್ಪಬೇಡಿ. ಎಲ್ಜಿನ್‌ನಲ್ಲಿ ಅಂಥ ಮನೆಗಳು 200ಕ್ಕೂ ಹೆಚ್ಚಿವೆ ನಿಜ, ಆದರೆ ನೋಡಲು ಹಾಗೇ ಇರೋ ಬೇರೆಯವೂ ಬೇಕಾದಷ್ಟಿವೆ. ಮುಂದಿನ ಸಲ ಟಾರ್ಚ್ ತಗೊಂಡು ನೆಲಮಾಳಿಗೆಗೆ ಇಳಿಯಿರಿ. ತೊಲೆಯ ತುದಿಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಅಂಕಿಗಳು ಅಚ್ಚೊತ್ತಿವೆಯಾ ನೋಡಿ. ಇದ್ದರೆ ಏಜೆಂಟ್ ಮಾತನ್ನು ನಂಬಬಹುದು. ಹಾಗೇ ಗೋಡೆಯ ಬುಡ ಮುಟ್ಟಿ ನೋಡಿ, ತೇವ ಇದೆಯಾ ಅಂತ. 1978ಕ್ಕಿಂತ ಹಳೆಯ ಮನೆ ಆದ್ದರಿಂದ ಮಕ್ಕಳಿಗೆ ವಿಷವಾಗುವ ಸೀಸ ಬೆರೆತ ಬಣ್ಣ ಇದೆಯಾ ಅನ್ನೋ ಪರೀಕ್ಷೆಗೆ ನಿಮಗೆ ಹತ್ತು ದಿನ ಕೇಳುವ ಹಕ್ಕಿದೆ. ಮನೆಯಲ್ಲಿ ಪುಟ್ಟ ಮಗು ಇದೆ ಅಂದಿರಲ್ವಾ, ಅದನ್ನು ಬಿಡಲೇಬೇಡಿ.