ಮೂತಿಯ ಹತ್ತಿರ ಪಟ್ಟಿ ಏಕೆ ಕೂರುತ್ತಿಲ್ಲ? ಮರದ ಹಾಯಿಹಡಗು ಕಟ್ಟುವವರ ಪ್ರಶ್ನೆಗಳು

ಪ್ರಶ್ನೆ: ನನಗೆ 63 ವರ್ಷ. ನಿವೃತ್ತಿಯಾದ ಮೇಲೆ ಕೈಗೊಂದು ಕೆಲಸ ಇರಲಿ ಅಂತ ಮಗಳು ‘ಸ್ವಿಫ್ಟ್’ ಎಂಬ ಹಾಯಿಹಡಗಿನ ಪುಟ್ಟ ಮಾದರಿ ಕಟ್ಟುವ ಮರದ ಕಿಟ್ ತರಿಸಿಕೊಟ್ಟಳು. ಒಳಗಿನ ಗೂಡು ಸಲೀಸಾಗಿ ನಿಂತಿತು. ಅದರ ಮೇಲೆ ಮರದ ತೆಳು ಪಟ್ಟಿ ಹೊದಿಸಲು ಶುರು ಮಾಡಿದ ಮೇಲೆ ಕಷ್ಟ. ಏಳೆಂಟು ಪಟ್ಟಿ ಆಗುವ ಹೊತ್ತಿಗೆ ಮೂತಿಯ, ಅಂದರೆ ಹಡಗಿನ ಮುಂತುದಿಯ, ಹತ್ತಿರ ಒಂದರ ಮೇಲೊಂದು ಏರುತ್ತಿವೆ. ಅಂಚು ಎದ್ದು ನಿಲ್ಲುತ್ತದೆ. ನಡುಭಾಗದಲ್ಲಿ ರಾತ್ರಿ ಸರಿಯಾಗಿದ್ದ ಪಟ್ಟಿಗಳ ಮಧ್ಯೆ ಬೆಳಿಗ್ಗೆ ಸಂದು ಕಾಣುತ್ತದೆ. ಪುಸ್ತಕದಲ್ಲಿ ಹೇಳಿದ ಹಾಗೆ ನೀರಲ್ಲಿ ನೆನೆಸಿಯೇ ಅಂಟಿಸಿದ್ದೇನೆ. ಎಲ್ಲ ಕಿತ್ತು ಹಾಕಲೇ? – ಓದುಗರು, ಮೈಸೂರು

ಉತ್ತರ: ದಯವಿಟ್ಟು ಕೀಳಬೇಡಿ. ನಿಮ್ಮ ಕಿಟ್‌ನಲ್ಲಿ ಹಡಗಿಗೆ ಎರಡು ಹೊದಿಕೆ ಇರುತ್ತದೆ. ಈಗ ಅಂಟಿಸುತ್ತಿರುವುದು ಒಳಗಿನದು. ಇದರ ಮೇಲೆ ತೆಳು ಪಟ್ಟಿಗಳ ಇನ್ನೊಂದು ಪದರ ಬರುತ್ತದೆ. ಮೊದಲ ಹೊದಿಕೆಯ ಕಲೆಗಳು ಹೊರಗೆ ಕಾಣುವುದೇ ಇಲ್ಲ. ಆದರೆ ಅದರ ಉಬ್ಬು ತಗ್ಗುಗಳು ಮಾತ್ರ ಹಾಗೇ ಮೇಲೆ ಬರುತ್ತವೆ. ಅದಕ್ಕೇ ಕಾರಣ ತಿಳಿದುಕೊಂಡು ಮುಂದೆ ಹೋಗೋಣ.

ಸ್ವಿಫ್ಟ್ 1805ರ ಕಾಲದ ವರ್ಜೀನಿಯಾದ ಪೈಲಟ್ ದೋಣಿ. ದೂರದಿಂದ ಬರುವ ದೊಡ್ಡ ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗಳನ್ನು ಸಮುದ್ರಕ್ಕೆ ಒಯ್ಯುವುದು ಇಂಥ ದೋಣಿಗಳ ಕೆಲಸ. ಮೊದಲು ತಲುಪಿದವರಿಗೆ ಕೆಲಸ ಸಿಗುತ್ತಿತ್ತು. ಹಾಗಾಗಿ ಓಟ ಮುಖ್ಯ. ಓಟಕ್ಕಾಗಿ ಮೂತಿಯನ್ನು ಚೂಪು ಮಾಡಿದರು. ಆ ಚೂಪೇ ಈಗ ನಿಮ್ಮ ಪಟ್ಟಿಗಳನ್ನು ಕಾಡುತ್ತಿರುವುದು.

ಒಂದು ಕಲ್ಲಂಗಡಿ ಹಣ್ಣನ್ನು ನೆನೆಸಿಕೊಳ್ಳಿ. ಅದರ ಗೆರೆಗಳು ನಡುವೆ ಅಗಲ, ಎರಡು ತುದಿಯಲ್ಲಿ ಸಣ್ಣ ಅಲ್ವಾ? ಹಡಗಿನ ಮೈಯೂ ಮೂತಿಯ ಕಡೆ ಹಾಗೇ. ಕಿಟ್‌ನವರು ಕೊಡುವ ಪಟ್ಟಿ ಮಾತ್ರ ಉದ್ದಕ್ಕೂ ಒಂದೇ ಅಗಲ. ಅದನ್ನು ನಾವೇ ಕೀಸಿ ಸಣ್ಣದು ಮಾಡಬೇಕು. ಮಾಡದಿದ್ದರೆ ಅದಕ್ಕೆ ಜಾಗ ಸಾಲದೆ ಪಕ್ಕದ್ದರ ಮೇಲೆ ಹತ್ತುತ್ತದೆ. ತೆಳು ಪಟ್ಟಿ ಅದರ ದಪ್ಪದ ಕಡೆ ಸುಲಭವಾಗಿ ಬಾಗುತ್ತದೆ, ಅಗಲದ ಕಡೆ ಬಾಗುವುದಿಲ್ಲ. ಬಲವಂತ ಮಾಡಿದರೆ ಒಂದು ಅಂಚು ಎದ್ದು ನಿಲ್ಲುತ್ತದೆ. ನೀವು ನೋಡಿದ್ದು ಅದನ್ನೇ.

ಲೆಕ್ಕ ಸುಲಭ. ಗೂಡಿನ ನಡುವಿನ ಅಡ್ಡಹಲಗೆಯ ಅಂಚಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು, ಖಾಲಿ ಉಳಿದಿರುವ ಜಾಗ ಗುರುತು ಮಾಡಿ. ಉದಾಹರಣೆಗೆ ಅದು 50 ಮಿ.ಮೀ. ಇದೆ, ನಿಮ್ಮ ಪಟ್ಟಿ 5 ಮಿ.ಮೀ. ಅಗಲ ಅಂದುಕೊಳ್ಳಿ. 10 ಪಟ್ಟಿ ಬೇಕು. ಈಗ ಮೂತಿಯ ಹತ್ತಿರದ ಅಡ್ಡಹಲಗೆಯಲ್ಲಿ ಅಳೆಯಿರಿ. ಅಲ್ಲಿ 30 ಮಿ.ಮೀ. ಮಾತ್ರ ಉಳಿದಿದ್ದರೆ ಅದೇ 10 ಪಟ್ಟಿಗಳು ಅಲ್ಲಿ ತಲಾ 3 ಮಿ.ಮೀ. ಆಗಬೇಕು. ಹೀಗೆ ಪ್ರತಿ ಅಡ್ಡಹಲಗೆಯಲ್ಲೂ ಅಳೆದು ಪೆನ್ಸಿಲ್ ಗುರುತು ಹಾಕಿ. ಪಟ್ಟಿಯನ್ನು ಆ ಗುರುತುಗಳಿಗೆ ಸರಿಯಾಗಿ ಚೂಪು ಬ್ಲೇಡಿನಿಂದ ಕೀಸಿ, ಸ್ಯಾಂಡ್ ಪೇಪರ್ ಸುತ್ತಿದ ಮರದ ತುಂಡಿನಿಂದ ಉಜ್ಜಿ. ಪಟ್ಟಿಯ ಅಗಲ ಅರ್ಧಕ್ಕಿಂತ ಕಡಿಮೆ ಆಗುವಷ್ಟು ಕೀಸಬೇಡಿ, ತುದಿ ಮುರಿಯುತ್ತದೆ. ಅಷ್ಟು ಜಾಗ ಇಲ್ಲದ ಕಡೆ ಎರಡು ಪಟ್ಟಿಗಳನ್ನು ಸೇರಿಸಿ ಒಂದೇ ತುದಿಯಾಗಿ ಮುಗಿಸುವುದು ಒಳ್ಳೆಯದು. ಹಿಂಭಾಗದಲ್ಲಿ ಇದರ ತಿರುಗುಮುರುಗು. ಅಲ್ಲಿ ಜಾಗ ಜಾಸ್ತಿಯಾಗಿ ಸಂದು ಬಿಡುತ್ತದೆ. ಅಲ್ಲಿಗೆ ಬೆಣೆಯಂಥ ಚೂಪು ತುಂಡು ಸೇರಿಸಿ.

ಇನ್ನು ಬೆಳಿಗ್ಗೆ ಕಾಣುವ ಸಂದು. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನೀವು ಒದ್ದೆ ಪಟ್ಟಿಯನ್ನೇ ಅಂಟಿಸಿದ್ದೀರಿ. ರಾತ್ರಿ ಒಣಗಿ ಕುಗ್ಗಿದೆ, ಅಷ್ಟೇ. ಅರ್ಧ ಗಂಟೆ ನೆನೆಸಿ, ಗೂಡಿನ ಮೇಲೆ ಅದರ ಜಾಗದಲ್ಲೇ ಬಟ್ಟೆ ಕ್ಲಿಪ್ ಹಾಕಿ ಬಾಗಿಸಿಡಿ. ಮರುದಿನ ಪೂರ್ತಿ ಒಣಗಿದ ಮೇಲೆ ಬಿಚ್ಚಿ, ಆಮೇಲೆ ಅಂಟು ಹಚ್ಚಿ. ನಿಜ ಹೇಳಬೇಕೆಂದರೆ ಮರವನ್ನು ಬಾಗಿಸುವುದು ನೀರಿಗಿಂತ ಹೆಚ್ಚಾಗಿ ಬಿಸಿಯೇ. ಮನೆಯಲ್ಲಿ ಕೂದಲು ಸುರುಳಿ ಮಾಡುವ ಯಂತ್ರ ಇದ್ದರೆ ಒದ್ದೆ ಪಟ್ಟಿಯನ್ನು ಅದರ ಮೇಲೆ ನಿಧಾನಕ್ಕೆ ಒತ್ತಿ ನೋಡಿ. ನಿಮಿಷದಲ್ಲಿ ಬಾಗಿ ಹಾಗೇ ನಿಲ್ಲುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಅದು.

ಇನ್ನೊಂದನ್ನು ನೋಡಿಕೊಳ್ಳಿ. ಮೂತಿಯ ಹತ್ತಿರದ ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜಿದ್ದೀರಾ? ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಒಂದು ಪಟ್ಟಿ ಇಟ್ಟು ನೋಡಿದಾಗ ಅದು ಅಡ್ಡಹಲಗೆಯ ದಪ್ಪಕ್ಕೂ ಪೂರ್ತಿ ತಾಗಬೇಕು, ಮೂಲೆಗೆ ಮಾತ್ರ ತಾಗಬಾರದು. ಇನ್ನೂ ಹೊದಿಸದ ಕಡೆ ಇದನ್ನು ಈಗಲೂ ಸರಿ ಮಾಡಬಹುದು. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಪಕ್ಕ ಮುಗಿಸಿದರೆ ಕೀಲ್, ಅಂದರೆ ಹಡಗಿನ ಬೆನ್ನೆಲುಬು, ತಿರುಚಿಕೊಳ್ಳುತ್ತದೆ. ಅದಕ್ಕೆ ಮದ್ದಿಲ್ಲ.

ಈಗಾಗಲೇ ಅಂಟಿಸಿದ್ದಕ್ಕೆ ಬರೋಣ. ತುಂಬ ಎದ್ದಿರುವ ಒಂದೆರಡು ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಫೆವಿಕಾಲ್ ಮೆತ್ತಗಾಗುತ್ತದೆ, ನಿಧಾನವಾಗಿ ಬಿಡಿಸಬಹುದು. ಉಳಿದದ್ದು ಇರಲಿ. ಸಂದಿಗೆ ನಮ್ಮ ಆಚಾರಿಗಳು ಮಾಡುವ ಹಾಗೆ ಸಣ್ಣ ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿ. ಒಣಗಿದ ಮೇಲೆ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

ಕಾರವಾರದ ನೌಕಾನೆಲೆಯಲ್ಲಿ 2025ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗಿನ ಚಿತ್ರಗಳನ್ನು ಬಿಡುವಾದಾಗ ನೋಡಿ. ಅದರ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಅಂಚಿಗೆ ಅಂಚು ಕೂರದಿದ್ದರೆ ಹೊಲಿಗೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ನಿಮ್ಮ ಮೇಜಿನ ಮೇಲಿನ ಸಣ್ಣ ಹಡಗಿನಲ್ಲೂ ನಡೆಯುತ್ತಿರುವುದು ಅದೇ ಕೆಲಸ.

ಪ್ರಶ್ನೆ: ಹಡಗಿನ ಮೈ ಮುಗಿಯಿತು, ಈಗ ಹಗ್ಗದ ಕೆಲಸ. ಕಿಟ್‌ನ ದಾರ ಜುಂಗು ಜುಂಗಾಗಿದೆ. ಒಂದು ಹಗ್ಗ ಬಿಗಿದರೆ ಇನ್ನೊಂದು ಸಡಿಲವಾಗುತ್ತದೆ. ಹಗ್ಗದ ಏಣಿಯ ಗಂಟುಗಳು ಸೊಟ್ಟಗಾಗುತ್ತಿವೆ. – ಓದುಗರು, ಮಂಗಳೂರು

ಉತ್ತರ: ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಸಲ ಎಳೆದು, ಬೆರಳಲ್ಲಿ ಉಜ್ಜಿ. ಜುಂಗು ಮಲಗುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಹತ್ತಿ ದಾರ ತೇವಕ್ಕೆ ಬಿಗಿಯಾಗುತ್ತದೆ, ಒಣಗಿದಾಗ ಜೋಲುತ್ತದೆ. ಪಾಲಿಯೆಸ್ಟರ್ ದಾರಕ್ಕೆ ಆ ಕಾಟ ಕಡಿಮೆ. ಬಣ್ಣ ಮಾತ್ರ ಯೋಚಿಸಿ ಆರಿಸಿ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಉಪ್ಪುನೀರು ತಡೆಯಲಿ ಅಂತ ಟಾರು ಬಳಿಯುತ್ತಿದ್ದರು. ಅವು ಕಪ್ಪು ಅಥವಾ ಕಡು ಕಂದು. ಹಾಯಿಯನ್ನು ಎಳೆಯುವ, ಇಳಿಸುವ ಹಗ್ಗಗಳು ತಿಳಿ ಬಣ್ಣ.

ಕಂಬದ ಎರಡೂ ಪಕ್ಕದ ಹಗ್ಗಗಳನ್ನು ಜೋಡಿ ಜೋಡಿಯಾಗಿ ಕಟ್ಟಿ. ಎಡಕ್ಕೊಂದು ಆದ ಕೂಡಲೇ ಬಲಕ್ಕೊಂದು. ವೀಣೆ ತಂತಿಯ ಹಾಗೆ ಬಿಗಿಯಬೇಡಿ, ಜೋಲದಿದ್ದರೆ ಸಾಕು. ಪ್ರತಿ ಜೋಡಿ ಕಟ್ಟಿದ ಮೇಲೆ ಎದುರಿನಿಂದ ನೋಡಿ ಕಂಬ ನೆಟ್ಟಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ.

ಏಣಿಗೆ ಒಂದು ಉಪಾಯವಿದೆ. ನಿಜವಾದ ಹಡಗಿನಲ್ಲಿ ಮೆಟ್ಟಿಲುಗಳ ನಡುವೆ ಸುಮಾರು 33ರಿಂದ 38 ಸೆಂ.ಮೀ. ಇರುತ್ತಿತ್ತು, ನಾವಿಕನ ಕಾಲಿಗೆ ಸರಿಯಾಗಿ. 1:50 ಅಳತೆಯ ಮಾದರಿಯಲ್ಲಿ ಅದು ಸುಮಾರು 7 ಮಿ.ಮೀ. ಆಗುತ್ತದೆ. ಬಿಳಿ ಕಾಗದದ ಮೇಲೆ 7 ಮಿ.ಮೀ.ಗೊಂದು ಗೆರೆ ಎಳೆದು ಹಗ್ಗಗಳ ಹಿಂದೆ ನಿಲ್ಲಿಸಿ, ಗೆರೆ ನೋಡಿಕೊಂಡು ಕಟ್ಟಿ. ನಡುವಿನ ಹಗ್ಗಗಳಿಗೆ ಗೂಟಕ್ಕೆ ಬಿಗಿಯುವ ಎರಡು ಸುತ್ತಿನ ಗಂಟು ಹಾಕಿ. ಎಳೆಯುವಾಗ ಪಕ್ಕದ ಹಗ್ಗಗಳು ಒಳಕ್ಕೆ ಜಗ್ಗಬಾರದು. ಪೂರ್ತಿ ಸರಿ ಅನಿಸಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ತೊಟ್ಟು ಮುಟ್ಟಿಸಿ. ಫೆವಿಕ್ವಿಕ್ ಬೇಡ, ದಾರ ಕಡ್ಡಿಯಂತಾಗಿ ಹೊಳೆಯುತ್ತದೆ. ದಿನಕ್ಕೆ ನಾಲ್ಕೈದು ಮೆಟ್ಟಿಲು ಸಾಕು.

ಪ್ರಶ್ನೆ: ನನ್ನ 11 ವರ್ಷದ ಮಗನಿಗೆ ಮೂರು ಕಂಬದ, ತೋಪುಗಳಿರುವ ಹಡಗೇ ಬೇಕಂತೆ. ಅದರಿಂದಲೇ ಶುರು ಮಾಡಬಹುದೇ? – ಓದುಗರು, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ಅವನು ಕೇಳುತ್ತಿರುವಂಥ ಹಡಗುಗಳಲ್ಲಿ ಹೆಸರುವಾಸಿಯಾದದ್ದು 1765ರಲ್ಲಿ ನೀರಿಗಿಳಿದ ಬ್ರಿಟನ್ನಿನ ವಿಕ್ಟರಿ. ಟ್ರಫಾಲ್ಗರ್ ಕಾಳಗದಲ್ಲಿ ಅದರ ಮೇಲೆ 104 ತೋಪುಗಳಿದ್ದವು. ಅನುಭವಿಗಳಿಗೂ ಅದು ವರ್ಷಗಳ ಕೆಲಸ. ಇಂಥ ಕಿಟ್ ಮಾಡುವ ಮಾಡೆಲ್ ಶಿಪ್‌ವೇಸ್ ಕಂಪನಿಯವರ ಕಲಿಕೆಯ ಸಾಲಿನಲ್ಲಿ ಮೊದಲು ಮೀನುಗಾರರ ಡೋರಿ ದೋಣಿ, ಆಮೇಲೆ 1:12 ಅಳತೆಯ ನಾರ್ವೆಯ ಪುಟ್ಟ ಹಾಯಿದೋಣಿ, ಮೂರನೆಯದು ಲಾಬ್‌ಸ್ಟರ್ ಹಿಡಿಯುವವರ ಒಂಟಿ ಕಂಬದ ದೋಣಿ. ಎರಡನೆಯದು ಅವನಿಗೆ ಖುಷಿ ಕೊಡುತ್ತದೆ. ಅದಕ್ಕೆ ನಿಜವಾದ ಹಾಯಿ ಇದೆ, ಹಲಗೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂರುವುದೇ ಅದರ ರೀತಿ. ಮೊದಲನೆಯದನ್ನು ಇಬ್ಬರೂ ಸೇರಿ ಕಟ್ಟಿ. ಬ್ಲೇಡ್ ನಿಮ್ಮ ಕೈಯಲ್ಲಿರಲಿ, ಅಳೆಯುವುದು, ಉಜ್ಜುವುದು, ಅಂಟಿಸುವುದು ಅವನಿಗೆ ಬಿಡಿ.