ಮೂಲನಿವಾಸಿ ಸಮುದಾಯದ ಮಹಿಳಾ ವಿಜ್ಞಾನಿಯೊಬ್ಬರು ರಾಷ್ಟ್ರ ರಾಜಕೀಯದಲ್ಲಿ ಕೆಲಸ ಮಾಡಿದ ಉದಾಹರಣೆ ಇದೆಯೇ?

ಇದೆ, ಕೆನಡಾದ ಲಿಲಿಯನ್ ಡಿಕ್. ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಮಿದುಳಿನ ರಸಾಯನಶಾಸ್ತ್ರದ ಸಂಶೋಧಕಿಯಾಗಿದ್ದ ಅವರು, 2005ರಲ್ಲಿ ಪಾಲ್ ಮಾರ್ಟಿನ್ ಪ್ರಧಾನಿಯಾಗಿದ್ದಾಗ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನೇಮಕಗೊಂಡರು. ಕೆನಡಾದ ಮೂಲನಿವಾಸಿಗಳ ಒಂದು ದೊಡ್ಡ ಗುಂಪಾದ ಫಸ್ಟ್ ನೇಷನ್ಸ್ ಸಮುದಾಯದಿಂದ ಅಲ್ಲಿಗೆ ಹೋದ ಮೊದಲ ಮಹಿಳೆ ಅವರೇ. ಕೆನಡಾದ ಸೆನೆಟರ್‌ಗಳಿಗೆ ಚುನಾವಣೆ ಇಲ್ಲ, 75 ವರ್ಷ ತುಂಬಿದಾಗ ನಿವೃತ್ತಿ. ಹಾಗಾಗಿ 2020ರವರೆಗೆ ಇದ್ದರು.

ಅವರ ರಾಜಕೀಯ ಅರ್ಥವಾಗಬೇಕಾದರೆ ಮನೆಯ ಹಿನ್ನೆಲೆ ಗೊತ್ತಿರಬೇಕು. ತಾಯಿ ಕ್ರೀ ಎಂಬ ಮೂಲನಿವಾಸಿ ಜನಾಂಗದವರು, ತಂದೆ ಚೀನಾದಿಂದ ಬಂದವರು. ಮೂಲನಿವಾಸಿಗಳಿಗಾಗಿ ಇದ್ದ ಆಗಿನ ಇಂಡಿಯನ್ ಆಕ್ಟ್ ಎಂಬ ಕಾನೂನಿನ ಪ್ರಕಾರ ಹೊರಗಿನವರನ್ನು ಮದುವೆಯಾದ ಹೆಣ್ಣು ತನ್ನ ಮೂಲನಿವಾಸಿ ಸ್ಥಾನಮಾನವನ್ನೇ ಕಳೆದುಕೊಳ್ಳುತ್ತಿದ್ದಳು. ಗಂಡಸು ಹೊರಗಿನವಳನ್ನು ಮದುವೆಯಾದರೆ ಏನೂ ಆಗುತ್ತಿರಲಿಲ್ಲ, ಹೆಂಡತಿಗೂ ಆ ಸ್ಥಾನಮಾನ ಸಿಗುತ್ತಿತ್ತು! ಜನಾಂಗದ್ವೇಷಕ್ಕೆ ಹೆದರಿ ಲಿಲಿಯನ್ ಕ್ರೀ ಗುರುತನ್ನು ಬಚ್ಚಿಟ್ಟುಕೊಂಡೇ ಬೆಳೆದರು. 1981ರಲ್ಲಿ ಪಿಎಚ್‌.ಡಿ. ಬಂದ ಮೇಲಷ್ಟೇ ಅದನ್ನು ಬಹಿರಂಗವಾಗಿ ಹೇಳಿಕೊಂಡರು.

ಆ ಕಾನೂನಿಗೆ ತಂದ 1985ರ ತಿದ್ದುಪಡಿಯಿಂದ ಅನೇಕರಿಗೆ ಸ್ಥಾನಮಾನ ಮರಳಿತಾದರೂ ತಾರತಮ್ಯ ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ತೆಗೆಯಲು 2016ರಲ್ಲಿ ಎಸ್-3 ಮಸೂದೆ ಬಂದಾಗ, ಮೂಲನಿವಾಸಿ ವ್ಯವಹಾರಗಳ ಸೆನೆಟ್ ಸಮಿತಿಯ ಅಧ್ಯಕ್ಷೆ ಇದೇ ಲಿಲಿಯನ್. ಸರ್ಕಾರ ಮುಂದಿಟ್ಟದ್ದು ಸಾಲದೆಂದು ಸೆನೆಟ್ ಪಟ್ಟು ಹಿಡಿದದ್ದರಿಂದಲೇ ಆ ಮಸೂದೆಗೆ ಬಲ ಬಂತು. ನನ್ನ ದೃಷ್ಟಿಯಲ್ಲಿ ಅವರ ರಾಜಕೀಯ ಬದುಕಿನ ಅತಿ ಮಹತ್ವದ ಅಧ್ಯಾಯ ಇದೇ.

ಮೂಲನಿವಾಸಿ ಮಹಿಳೆಯರ ಮೇಲೆ ಹಿಂಸೆ ಎಸಗಿದವರಿಗೆ ಹೆಚ್ಚಿನ ಶಿಕ್ಷೆ ಕೊಡಬೇಕೆಂದು ಅವರೇ ತಂದ ಎಸ್-215 ಮಸೂದೆ ಮಾತ್ರ ಸೆನೆಟ್ ದಾಟಿ, 2019ರಲ್ಲಿ ಕೆಳಮನೆಯಲ್ಲಿ ಬಿದ್ದುಹೋಯಿತು.