ಮರುಭೂಮಿಯ ತಿಮಿಂಗಿಲಗಳು ಪ್ರವಾಹದಲ್ಲಿ ಬಂದವೇ?

ಈಜಿಪ್ಟಿನ ವಾದಿ ಅಲ್ ಹಿತಾನ್ ಎಂಬ ಮರುಭೂಮಿ ಕಣಿವೆಯಲ್ಲಿ ಸಿಕ್ಕ ತಿಮಿಂಗಿಲದ ಮೂಳೆಗಳನ್ನು ಯಾವುದೋ ಮಹಾಪ್ರವಾಹ ಹೊತ್ತು ತಂದು ಹಾಕಿರಬಹುದಲ್ಲವೇ ಎಂದು ಕೇಳಿದ್ದೀರಿ. ಸಂದೇಹ ಸಹಜವೇ. ಆದರೆ ಅಲ್ಲಿನ ಬಂಡೆಗಳು ಬೇರೆಯದೇ ಕಥೆ ಹೇಳುತ್ತವೆ.

ರಭಸದ ನೀರು ಸತ್ತ ಪ್ರಾಣಿಯನ್ನು ದೂರ ಎಳೆದೊಯ್ದರೆ ಮೂಳೆಗಳು ಚೆಲ್ಲಾಪಿಲ್ಲಿಯಾಗುತ್ತವೆ, ಸವೆಯುತ್ತವೆ. ಇಲ್ಲಿ ಎಷ್ಟೋ ಅಸ್ಥಿಪಂಜರಗಳ ಬೆನ್ನುಮೂಳೆಯ ಮಣಿಗಳು ಇನ್ನೂ ಸಾಲಾಗಿಯೇ ಇವೆ. ಸತ್ತ ತಿಮಿಂಗಿಲಗಳು ತಳಕ್ಕಿಳಿದು, ಮೆತ್ತನೆಯ ಕೆಸರು ಮರಳಿನಲ್ಲಿ ಹೂತುಹೋಗಿವೆ. ಜೊತೆಗಿರುವುದನ್ನೂ ನೋಡಿ: ಶಾರ್ಕ್ ಹಲ್ಲುಗಳು, ಕಡಲಹಸುಗಳ ಮೂಳೆಗಳು, ಕಲ್ಲಾದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು. ನನ್ನ ಮಟ್ಟಿಗೆ ಈ ಬೇರುಗಳೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಮೂಳೆ ತೇಲಿಬಂತು ಎನ್ನಬಹುದು, ಆದರೆ ಮಣ್ಣಿನೊಳಗೆ ಇಳಿದ ಬೇರು ಬೆಳೆದದ್ದು ಅಲ್ಲೇ. ಕಾಂಡ್ಲಾ ಬೆಳೆಯುವುದು ಬೆಚ್ಚಗಿನ ಕರಾವಳಿಯ ಉಪ್ಪುನೀರಿನ ಅಂಚಿನಲ್ಲಿ. ಸುಮಾರು 4 ಕೋಟಿ ವರ್ಷಗಳ ಹಿಂದೆ ಟೆಥಿಸ್ ಎಂಬ ಪ್ರಾಚೀನ ಸಮುದ್ರದ ತೀರ ಇಲ್ಲಿತ್ತು.

ಅಲ್ಲಿ ಯಾರು ಯಾರನ್ನು ತಿನ್ನುತ್ತಿದ್ದರು ಎಂಬುದೂ ಗೊತ್ತಾಗಿದೆ! ಸುಮಾರು 15 ಮೀಟರ್ ಉದ್ದದ ಬೆಸಿಲೋಸಾರಸ್ ತಿಮಿಂಗಿಲವೊಂದರ ಹೊಟ್ಟೆಯ ಭಾಗದಲ್ಲಿ ಮೀನುಗಳ ಜೊತೆಗೆ ಡೊರುಡಾನ್ ಎಂಬ ಚಿಕ್ಕ ತಿಮಿಂಗಿಲದ ಮರಿಗಳ ಮೂಳೆಗಳಿದ್ದವು. ಆ ಮರಿಗಳ ತಲೆಬುರುಡೆಯ ಮೇಲೆ ಕಚ್ಚಿದ ಗುರುತುಗಳಿದ್ದವು.

ಬೆಸಿಲೋಸಾರಸ್‌ನ ಹಿಂಗಾಲುಗಳ ಬಗ್ಗೆಯೂ ತಪ್ಪದೆ ಓದಿ. 1990ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವುಗಳಲ್ಲಿ ಮಂಡಿ, ಪಾದ, ಬೆರಳು ಎಲ್ಲವೂ ಇವೆ. ಇಡೀ ಕಾಲು ಅರ್ಧ ಮೀಟರ್ ಕೂಡ ಇಲ್ಲ. ಅಷ್ಟು ದೊಡ್ಡ ದೇಹವನ್ನು ಹೊತ್ತು ನೆಲದ ಮೇಲೆ ನಡೆಯಲು ಅದು ಸಾಲದು; ಆದರೂ ಕಾಲಿನ ಭಾಗಗಳು ಉಳಿದುಕೊಂಡಿವೆ. ತಿಮಿಂಗಿಲಗಳ ಪೂರ್ವಜರು ನೆಲದ ಮೇಲೆ ನಡೆದಾಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಸಿಗುವುದು ಅಪರೂಪ.